ಹೊಸ ಊರಿನಲ್ಲಿ ದಿನಸಿ: ಯಾವ ಅಂಗಡಿಗೆ ಹೋಗಬೇಕು?



ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಓದಲು ಬರುವ ಹುಡುಗ ಹುಡುಗಿಯರು ಮೊದಲು ವಿಚಾರಿಸುವುದು ಕಾಲೇಜಿನ ಸೀಟನ್ನು, ಆಮೇಲೆ ಹಾಸ್ಟೆಲನ್ನು. ಹಾಸ್ಟೆಲು ಸಿಗದವರು ಮೂರು ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಬಾಡಿಗೆ, ಮುಂಗಡ, ಕಾಲೇಜಿನ ಶುಲ್ಕ ಇವೆಲ್ಲ ಮನೆಯಲ್ಲಿ ಹಿರಿಯರು ಕುಳಿತು ಲೆಕ್ಕ ಹಾಕಿದ ಖರ್ಚುಗಳು. ಅಕ್ಕಿ, ಬೇಳೆ, ಎಣ್ಣೆ, ಸಾಬೂನುಗಳನ್ನು ಎಲ್ಲಿ ಕೊಳ್ಳಬೇಕೆಂದು ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ. ಅದೇನು ದೊಡ್ಡ ವಿದ್ಯೆಯೇ ಎಂದು ಎಲ್ಲರೂ ಭಾವಿಸಿರುತ್ತಾರೆ.

ಆದರೆ ಬಾಡಿಗೆ ನಿಮ್ಮ ಕೈಯಲ್ಲಿಲ್ಲ, ಶುಲ್ಕವೂ ನಿಮ್ಮ ಕೈಯಲ್ಲಿಲ್ಲ. ಹೆಚ್ಚು ಕಡಿಮೆ ಮಾಡಬಹುದಾದ ಖರ್ಚು ಇದೊಂದೇ. ಊರಿನಿಂದ ಬಂದ ಹಣ ತಿಂಗಳ 25ನೇ ತಾರೀಖಿಗೇ ಮುಗಿದರೆ ತಪ್ಪುವುದು ಬಾಡಿಗೆಯಲ್ಲ, ರಾತ್ರಿಯ ಊಟ. ಪರೀಕ್ಷೆಯ ದಿನಗಳಲ್ಲಿ ಒಂದು ಹೊತ್ತು ಚಹ, ಬಿಸ್ಕತ್ತಿನಲ್ಲೇ ಕಳೆದವರು ನಿಮ್ಮಲ್ಲೂ ಇರಬಹುದು. ಆದ್ದರಿಂದ ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕದೆ ಸ್ವಲ್ಪ ವಿವರವಾಗಿ ನೋಡೋಣ.

ನನ್ನದೇ ಒಂದು ಪೆದ್ದತನದಿಂದ ಆರಂಭಿಸುತ್ತೇನೆ. ನಾನು ಬಳ್ಳಾರಿಗೆ ಓದಲು ಬಂದ ಮೊದಲ ತಿಂಗಳು, ಕೋಣೆಗೆ ಹತ್ತಿರವಿತ್ತೆಂಬ ಒಂದೇ ಕಾರಣಕ್ಕೆ ಒಂದು ಅಂಗಡಿಗೆ ಹೋಗಿ 25 ಕಿಲೋ ಅಕ್ಕಿಯ ಚೀಲ ತಂದೆ. ಅಕ್ಕಿ ಮಲ್ಲಿಗೆಯ ಹಾಗೆ ಬೆಳ್ಳಗಿತ್ತು. ಬೇಯಿಸಿದರೆ ಮುದ್ದೆ. ನೀರು ಕಡಿಮೆ ಹಾಕಿದರೆ ಒಳಗೆ ಗಟ್ಟಿ, ಹೊರಗೆ ಅಂಟು. ಅಂಗಡಿಯವರು ಚೀಲ ಬಿಚ್ಚಿದ ಮೇಲೆ ವಾಪಸು ಇಲ್ಲ ಎಂದರು. ಇಬ್ಬರು ಐದು ವಾರ ಅದನ್ನೇ ತಿಂದೆವು. ಆಮೇಲೆ ಬಂದ ನನ್ನ ತಾಯಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಇದು ಹೊಸ ಅಕ್ಕಿ ಐತಲ್ಲೋ, ಕೇಳಿ ತರಬಾರದಾ?" ಎಂದರು. ಏನು ಕೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಭತ್ತದ ನಾಡಿನಿಂದ ಬಂದವನ ಸ್ಥಿತಿ ಇದು!

ಅಕ್ಕಿಯ ವಿಚಾರ

ತಿಂಗಳ ಸಾಮಾನಿನಲ್ಲಿ ಅತಿ ಹೆಚ್ಚು ತೂಕದ್ದು ಅಕ್ಕಿ. ಹಾಗಾಗಿ ಅಂಗಡಿಯ ಆಯ್ಕೆಯನ್ನು ಅಕ್ಕಿಯಿಂದಲೇ ಮಾಡುವುದು ಲೇಸು ಎಂದು ನನ್ನ ಅಭಿಪ್ರಾಯ.

ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಸಿರುಗುಪ್ಪದ ಕಡೆಯ ಹೊಲಗಳ ಚಹರೆಯೇ ಬದಲಾಯಿತು. ಜೋಳ, ಹತ್ತಿಯ ಜೊತೆಗೆ ಭತ್ತ ಬಂತು. ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಬಳ್ಳಾರಿಯಿಂದ ಉತ್ತರಕ್ಕೆ ಸುಮಾರು 55 ಕಿಲೋಮೀಟರು ದೂರದ ಆ ಪಟ್ಟಣದ ಅಕ್ಕಿಯೇ ಬಳ್ಳಾರಿಯ ಅಂಗಡಿಗಳಿಗೂ ಬರುತ್ತದೆ. ನನ್ನ ಪರಿಚಯದ ಹುಡುಗನೊಬ್ಬ ಸಗಟು ಅಂಗಡಿಯಲ್ಲಿ ಅಕ್ಕಿಯ ದರ ವಿಚಾರಿಸಿದಾಗ ಅಂಗಡಿಯ ಹಿರಿಯರು, "ಯಾವ ಊರು ತಮ್ಮಾ?" ಎಂದರಂತೆ. "ಸಿರುಗುಪ್ಪ ರೀ" ಎಂದದ್ದಕ್ಕೆ, "ಸಿರುಗುಪ್ಪದವ ಬಂದು ನನ್ನ ಹತ್ರ ಅಕ್ಕಿ ಕೇಳ್ತೀಯಲ್ಲೋ!" ಎಂದು ನಕ್ಕರಂತೆ. ನಗುವಂಥದ್ದೇ. ಆದರೂ ಆ ನಗುವಿನಲ್ಲಿ ಒಂದು ಲೆಕ್ಕವಿದೆ.

ಒಂದು ಕ್ವಿಂಟಲ್ ಭತ್ತವನ್ನು ಗಿರಣಿಗೆ ಹಾಕಿದರೆ ಸುಮಾರು 65 ಕಿಲೋ ಅಕ್ಕಿ ಬರುತ್ತದೆ, ಉಳಿದದ್ದು ಹೊಟ್ಟು ಮತ್ತು ತೌಡು. 2025-26ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2369 ರೂಪಾಯಿ. ಇದನ್ನು 65ರಿಂದ ಭಾಗಿಸಿ ನೋಡಿ. ಕಿಲೋ ಅಕ್ಕಿಗೆ 36 ರೂಪಾಯಿಗಿಂತ ತುಸು ಹೆಚ್ಚು ಬರುತ್ತದೆ. ತೌಡು, ಹೊಟ್ಟಿನಿಂದ ಗಿರಣಿಯವರಿಗೆ ಒಂದಿಷ್ಟು ಹಣ ಹಿಂದಿರುಗುತ್ತದೆ. ಮತ್ತೊಂದು ಕಡೆ ಕೂಲಿ, ವಿದ್ಯುತ್, ಚೀಲ, ಲಾರಿ ಬಾಡಿಗೆ, ಅಂಗಡಿಯ ಲಾಭ ಸೇರುತ್ತವೆ. ಸಣ್ಣಕ್ಕಿಯ ಭತ್ತಕ್ಕೆ ಮಾರುಕಟ್ಟೆಯಲ್ಲಿ ಬೇರೆಯೇ ದರವಿರುತ್ತದೆ, ಅದು ಏರುತ್ತದೆ, ಇಳಿಯುತ್ತದೆ. ಆದರೂ ಈ ಭಾಗಾಕಾರ ಗೊತ್ತಿದ್ದವನಿಗೆ ಯಾರಾದರೂ ತೀರ ಅಗ್ಗಕ್ಕೆ ಅಕ್ಕಿ ಕೊಡಲು ಬಂದರೆ ಅನುಮಾನ ಹುಟ್ಟುತ್ತದೆ. ಪಡಿತರದ ಅಕ್ಕಿ ಅಡ್ಡದಾರಿಯಲ್ಲಿ ಕೈ ಬದಲಾಯಿಸುವ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಅಂಥದ್ದನ್ನು ಮಾರುವುದು ಅಪರಾಧ. ಅಗ್ಗವೆಂದು ಕೊಂಡು ತೊಂದರೆಯಲ್ಲಿ ಸಿಕ್ಕಿಕೊಳ್ಳಬೇಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆ ವಾರ ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲಿ ಭತ್ತದ ಮಾತಲ್ಲದೆ ಬೇರೆ ಮಾತಿರಲಿಲ್ಲ. ಅಂಗಡಿಯಲ್ಲಿ ಅಕ್ಕಿಯ ದರ ಏಕೆ ಏರಿತು ಎಂದು ಕೇಳುವಾಗ ಕಾಲುವೆಗೆ ನೀರು ಬಂದಿತೋ ಇಲ್ಲವೋ ಎಂಬುದನ್ನೂ ಕೇಳಿಕೊಳ್ಳಬೇಕು.

ಇನ್ನು ಹೊಸದು, ಹಳೆಯದರ ಪ್ರಶ್ನೆ. ಕೊಯ್ಲಾದ ಕೂಡಲೇ ಗಿರಣಿಗೆ ಹೋದ ಅಕ್ಕಿ ಬೇಯುವಾಗ ಅಂಟುತ್ತದೆ. ಆರು ತಿಂಗಳು, ವರ್ಷ ಕಳೆದ ಅಕ್ಕಿ ಹೆಚ್ಚು ನೀರು ಹೀರಿ, ಹೆಚ್ಚು ಅರಳಿ, ಅಗಳು ಅಗಳಾಗಿ ನಿಲ್ಲುತ್ತದೆ. ಒಂದೇ ಪಾವು ಹಳೆಯ ಅಕ್ಕಿಯಲ್ಲಿ ಪಾತ್ರೆ ಹೆಚ್ಚು ತುಂಬುವುದರಿಂದ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಬೇಕೆಂದು ಹಿರಿಯರು ಹೇಳುತ್ತಾರೆ. ಮುಂಗಾರಿನ ಭತ್ತ ಕೊಯ್ಲಾಗಿ ಬರುವ ಡಿಸೆಂಬರ್, ಜನವರಿಯಲ್ಲಿ ಈ ಪ್ರಶ್ನೆಯನ್ನು ಮರೆಯದೆ ಕೇಳಿ. ಚೀಲದ ಮೇಲಿನ ತಾರೀಖು ಅಕ್ಕಿಯನ್ನು ಚೀಲಕ್ಕೆ ತುಂಬಿದ ತಾರೀಖು, ಭತ್ತ ಕೊಯ್ದ ತಾರೀಖಲ್ಲ. ಹೀಗಾಗಿ ಅಕ್ಕಿಯ ವಯಸ್ಸನ್ನು ಬಲ್ಲವನು ಅಂಗಡಿಯವನೊಬ್ಬನೇ. ಅವನು ನಿಜ ಹೇಳುವವನೇ ಎಂದು ತಿಳಿಯಲು ಸುಲಭ ಉಪಾಯವೆಂದರೆ ಮೊದಲು ಒಂದು ಕಿಲೋ ಮಾತ್ರ ತಂದು ಬೇಯಿಸಿ ನೋಡುವುದು. ಒಂದು ಕಿಲೋ ಕೊಡಲು ಮುಖ ಸಿಂಡರಿಸುವ ಅಂಗಡಿಯಿಂದ ಚೀಲ ತರಬೇಡಿ.

ಚೀಲದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಂಗಡಿಗಳಲ್ಲಿ 26 ಕಿಲೋ ಅಕ್ಕಿಯ ಚೀಲಗಳನ್ನು ನೀವು ನೋಡಿರಬಹುದು. ಹಿಂದೆ ಎಲ್ಲ ಕಡೆ 25 ಕಿಲೋ ಇದ್ದದ್ದು ಒಂದು ಕಿಲೋ ಏಕೆ ಬೆಳೆಯಿತು? 2022ರ ಜುಲೈ 18ರಿಂದ, 25 ಕಿಲೋವರೆಗಿನ ತೂಕದಲ್ಲಿ ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇಕಡಾ 5ರಷ್ಟು ಸರಕು ಮತ್ತು ಸೇವಾ ತೆರಿಗೆ ಬಂತು. ಬಿಡಿಯಾಗಿ ತೂಗಿ ಕೊಡುವುದಕ್ಕೆ ಈ ತೆರಿಗೆ ಇಲ್ಲ; 25 ಕಿಲೋ ಮೀರಿದ ಚೀಲಕ್ಕೂ ಇಲ್ಲ. ಆದ್ದರಿಂದ ಚೀಲ 26 ಕಿಲೋ ಆಯಿತು. ನಿಮಗೆ ಇದರಿಂದ ಆಗಬೇಕಾದದ್ದು ಇಷ್ಟೆ: ಚೀಲದ ಬೆಲೆಯನ್ನು ಚೀಲದ ಬೆಲೆಯೊಂದಿಗೆ ಹೋಲಿಸಬೇಡಿ. ಉದಾಹರಣೆಗೆ ಒಂದು ಚೀಲಕ್ಕೆ 1375 ರೂಪಾಯಿ, ಪಕ್ಕದ್ದಕ್ಕೆ 1400 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದು ಅಗ್ಗವೆನ್ನಿಸುತ್ತದೆ. ಅದು 25 ಕಿಲೋ ಆಗಿದ್ದರೆ ಕಿಲೋಗೆ 55 ರೂಪಾಯಿ. ಎರಡನೆಯದು 26 ಕಿಲೋ ಆಗಿದ್ದರೆ ಕಿಲೋಗೆ 54 ರೂಪಾಯಿಗಿಂತ ಕಡಿಮೆ. ದೂರದಿಂದ ನೋಡಿದರೆ ಚೀಲಗಳೆರಡೂ ಒಂದೇ.

ಹತ್ತಿರದ ಅಂಗಡಿ ಮತ್ತು ಉದ್ರಿ ಪುಸ್ತಕ

ಬಳ್ಳಾರಿಯ ಪೇಟೆಗಳು ಹಳೆಯವು. ಬ್ರಿಟಿಷರ ಕಾಲದಲ್ಲಿ ಇದು ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡಿನ ಊರು. ದಂಡಿಗೆ ಬೇಕಾದ ದವಸ, ಬಟ್ಟೆ, ಪಾತ್ರೆಗಳನ್ನು ಒದಗಿಸುತ್ತ ಬೆಳೆದ ಕೌಲ್ ಬಜಾರು, ಬ್ರೂಸ್ ಪೇಟೆಗಳು ಇಂದಿಗೂ ಆ ಹೆಸರಿನಲ್ಲೇ ಇವೆ. ಕೌಲು ಎಂದರೆ ಕರಾರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬದಲಾಯಿತು, ವ್ಯಾಪಾರದ ಭಾಷೆ ಬದಲಾಗಲಿಲ್ಲ. ಒಂದೇ ಅಂಗಡಿಯಲ್ಲಿ ಒಬ್ಬರು ತೊಗರಿಬ್ಯಾಳಿ ಕೇಳುತ್ತಾರೆ, ಇನ್ನೊಬ್ಬರು ಕಂದಿಪಪ್ಪು ಎನ್ನುತ್ತಾರೆ, ಮತ್ತೊಬ್ಬರು ಉರ್ದುವಿನಲ್ಲಿ ಚೌಕಾಸಿ ನಡೆಸುತ್ತಾರೆ. ಮೂರಕ್ಕೂ ಅಂಗಡಿಯವರು ಕತ್ತೆತ್ತದೆ ಉತ್ತರ ಕೊಡುತ್ತಾರೆ. ದಕ್ಷಿಣದ ಜಿಲ್ಲೆಗಳಿಂದ ಬಂದ ವಿದ್ಯಾರ್ಥಿಗಳು ಇದಕ್ಕೆ ಗಾಬರಿಯಾಗಬೇಕಿಲ್ಲ.

ಹಳೆಯ ಪೇಟೆಯ ಸಗಟು ಅಂಗಡಿಗಳಲ್ಲಿ ದರ ಕಡಿಮೆ. ಆದರೆ ಬೇಳೆ ಕಾಲು ಕಿಲೋ ಕೊಡಿ ಎಂದರೆ ಅವರಿಗೆ ಪುರುಸೊತ್ತಿರುವುದಿಲ್ಲ. ಅಲ್ಲದೆ ಹೋಗಿಬರಲು ಆಟೋ ಬಾಡಿಗೆ ಇದೆ. ಒಬ್ಬನೇ ಹೋಗಿ ಎರಡು ಕಿಲೋ ಬೇಳೆಯಲ್ಲಿ 20 ರೂಪಾಯಿ ಉಳಿಸಿ 60 ರೂಪಾಯಿ ಆಟೋಗೆ ಕೊಟ್ಟರೆ ಅದು ಉಳಿತಾಯವಲ್ಲ, ವಿಹಾರ. ಕೋಣೆಯ ನಾಲ್ವರೂ ಸೇರಿ ತಿಂಗಳಿಗೊಮ್ಮೆ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ, ಹುಣಸೆಹಣ್ಣು ಎಲ್ಲವನ್ನೂ ಒಟ್ಟಿಗೆ ತಂದರೆ ಮಾತ್ರ ಅಲ್ಲಿಗೆ ಹೋಗುವುದಕ್ಕೆ ಅರ್ಥವಿದೆ. ಮಿಕ್ಕಂತೆ ಉಪ್ಪು, ಸಾಸಿವೆ, ಬೆಂಕಿಪೊಟ್ಟಣಕ್ಕೆ ಓಣಿಯ ಕಿರಾಣಿ ಅಂಗಡಿಯೇ ಗತಿ, ಮತ್ತು ಅದೇ ಸರಿ.

ಓಣಿಯ ಅಂಗಡಿಯ ದೊಡ್ಡ ಆಕರ್ಷಣೆ ಉದ್ರಿ. ಸಾವ್ಕಾರರು ಒಂದು ಉದ್ದನೆಯ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದುಕೊಳ್ಳುತ್ತಾರೆ, ತಿಂಗಳಿಗೊಮ್ಮೆ ತೀರಿಸುತ್ತೀರಿ. ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ತಿಂಗಳಿಗೆ 2000 ರೂಪಾಯಿ ಸಾಮಾನು ಉದ್ರಿ ತರುತ್ತೀರಿ ಎನ್ನೋಣ. ಉದ್ರಿ ಗಿರಾಕಿಗೆ ಅಂಗಡಿಯವರು ನೂರಕ್ಕೆ 5 ರೂಪಾಯಿ ಹೆಚ್ಚು ಹಿಡಿದರೆ 100 ರೂಪಾಯಿ ಹೆಚ್ಚಾಯಿತು. ಅಷ್ಟೇ ತಾನೆ ಎನ್ನಬೇಡಿ. 1ನೇ ತಾರೀಖು ತಂದದ್ದಕ್ಕೆ ಒಂದು ತಿಂಗಳ ಸಾಲ, 29ರಂದು ತಂದದ್ದಕ್ಕೆ ಒಂದೆರಡು ದಿನದ ಸಾಲ. ಸರಾಸರಿ ಹದಿನೈದು ದಿನ. ಹದಿನೈದು ದಿನಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಶೇಕಡಾ 120ರ ಬಡ್ಡಿ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ತಮ್ಮ ಪಠ್ಯದ ಲೆಕ್ಕಕ್ಕಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಂಬಿದ್ದೇನೆ.

ಹಾಗೆಂದು ಉದ್ರಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಭತ್ತ ಮಾರಿದ ಹಣ ದಲ್ಲಾಳಿಯಿಂದ ಬರಲು ತಡವಾದ ತಿಂಗಳು, ಮೆಣಸಿನಕಾಯಿಗೆ ದರವಿಲ್ಲವೆಂದು ತಂದೆ ಮಾರದೆ ಇಟ್ಟುಕೊಂಡ ತಿಂಗಳು, ಯಾವ ಬ್ಯಾಂಕು ತಾನೆ ವಿದ್ಯಾರ್ಥಿಯೊಬ್ಬನಿಗೆ ಎರಡು ಕಿಲೋ ಅಕ್ಕಿ ಕೊಟ್ಟೀತು? ಆ ತಿಂಗಳು ಓದು ನಿಲ್ಲದಂತೆ ನೋಡಿಕೊಂಡ ಅಂಗಡಿಯವರು ಅನೇಕರಿದ್ದಾರೆ. ನನ್ನ ಸಲಹೆ ಏನೆಂದರೆ, ಕೈಯಲ್ಲಿ ಹಣವಿರುವ ತಿಂಗಳುಗಳಲ್ಲಿ ಅದೇ ಅಂಗಡಿಯಲ್ಲಿ ನಗದು ಕೊಟ್ಟು ಕೊಳ್ಳಿ, ಮುಖಪರಿಚಯ ಬೆಳೆಸಿಕೊಳ್ಳಿ. ಉದ್ರಿಯನ್ನು ಕಷ್ಟದ ತಿಂಗಳಿಗೆ ಇಟ್ಟುಕೊಳ್ಳಿ. ಬರೆಸುವಾಗ ನಿಮ್ಮ ಬಳಿಯೂ ಒಂದು ಸಣ್ಣ ಪುಸ್ತಕವಿರಲಿ, ಅದರಲ್ಲೂ ಅದೇ ದಿನ ಬರೆಯಿರಿ. ಜಗಳ ಮಾಡುವುದಕ್ಕಲ್ಲ, ಜಗಳವಾಗದಿರಲಿ ಎಂದು.

ತೂಕ, ಚೀಟಿ, ಬೆಲೆ

ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯನ್ನು ಅನೇಕರು ನಿಗದಿಯಾದ ಬೆಲೆಯೆಂದೇ ತಿಳಿದಿದ್ದಾರೆ. ಅದು ಮೇಲಿನ ಮಿತಿ ಮಾತ್ರ. ಎಲ್ಲ ತೆರಿಗೆಗಳೂ ಅದರಲ್ಲಿ ಸೇರಿವೆ. ಅದಕ್ಕಿಂತ ಕಡಿಮೆಗೆ ಮಾರಲು ಅಂಗಡಿಯವರು ಸ್ವತಂತ್ರರು, ಹೆಚ್ಚಿಗೆ ಮಾರುವಂತಿಲ್ಲ. ದೊಡ್ಡ ಸೂಪರ್ ಮಾರ್ಕೆಟ್ಟುಗಳು ರಿಯಾಯಿತಿ ತೋರಿಸುವುದು ಈ ಮಿತಿಯ ಕೆಳಗೆ. ಸಾಬೂನು, ಹಲ್ಲುಪುಡಿ, ಬಿಸ್ಕತ್ತುಗಳಂಥ ಕಂಪನಿ ಸಾಮಾನು ಅಲ್ಲಿ ನಿಜವಾಗಿ ಅಗ್ಗವಾಗಿ ಸಿಗುವುದುಂಟು. ಆದರೆ ಅಲ್ಲಿನ ತಣ್ಣನೆಯ ಗಾಳಿಯಲ್ಲಿ ತಳ್ಳುಗಾಡಿ ಹಿಡಿದು ನಡೆಯುವಾಗ ಬೇಡದ ನಾಲ್ಕು ಸಾಮಾನು ಬುಟ್ಟಿಗೆ ಬೀಳುತ್ತವೆ. ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ ಕೆಲವರು ಗಾಳಿಗೋಸ್ಕರವೇ ಹೋಗುತ್ತಾರೆ, ಅವರನ್ನು ನಾನು ದೂರುವುದಿಲ್ಲ. ಚೀಟಿ ಬರೆದುಕೊಂಡು ಹೋಗಿ.

ಎಣ್ಣೆಯಲ್ಲಿ ಇನ್ನೊಂದು ತೊಡಕು. ಒಂದು ಲೀಟರು ಎಣ್ಣೆ ಒಂದು ಕಿಲೋ ಅಲ್ಲ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರು ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ. ಪೊಟ್ಟಣದ ಸೂರ್ಯಕಾಂತಿ ಎಣ್ಣೆ ಲೀಟರಿಗೆ 150 ರೂಪಾಯಿ, ಬಿಡಿಯಾಗಿ ತೂಗಿ ಕೊಡುವ ಅದೇ ಎಣ್ಣೆ ಕಿಲೋಗೆ 160 ರೂಪಾಯಿ ಎಂದರೆ ಯಾವುದು ಅಗ್ಗ? 150ನ್ನು 910ರಿಂದ ಭಾಗಿಸಿ 1000ದಿಂದ ಗುಣಿಸಿ: ಕಿಲೋಗೆ ಸುಮಾರು 165. ಕಿಲೋ ಲೆಕ್ಕದ ಎಣ್ಣೆಯೇ ಅಗ್ಗವಾಯಿತು. ಬಿಡಿ ಎಣ್ಣೆಯಲ್ಲಿ ಕಲಬೆರಕೆಯ ಭಯವಿದೆ ಎಂಬುದೂ ನಿಜ. ಈ ಒಂದು ಸಾಮಾನಿನಲ್ಲಿ ನಾನು ಬೆಲೆ ನೋಡದೆ ಮುಚ್ಚಿದ ಪೊಟ್ಟಣವನ್ನೇ ತರುತ್ತೇನೆ.

ಹಾಲಿನಲ್ಲೂ ಇದೇ ಪಾಠ ಸಿಗುತ್ತದೆ. ಬಳ್ಳಾರಿ, ಸಿರುಗುಪ್ಪಗಳಲ್ಲಿ ಬೆಳಗ್ಗೆ ಬಾಗಿಲಿಗೆ ಬರುವ ನಂದಿನಿ ಹಾಲನ್ನು ಬಳ್ಳಾರಿಯಲ್ಲೇ ಕೇಂದ್ರ ಕಚೇರಿಯುಳ್ಳ ಸಹಕಾರಿ ಹಾಲು ಒಕ್ಕೂಟ ಒದಗಿಸುತ್ತದೆ. 2024ರ ಜೂನ್‌ನಲ್ಲಿ ಪೊಟ್ಟಣಕ್ಕೆ 2 ರೂಪಾಯಿ ಏರಿಸಿದಾಗ ಪ್ರತಿ ಪೊಟ್ಟಣದಲ್ಲಿ 50 ಮಿಲಿಲೀಟರು ಹಾಲನ್ನೂ ಹೆಚ್ಚಿಸಿದರು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ ಆ 50 ಮಿಲಿಲೀಟರು ಮತ್ತೆ ಹೋಯಿತು. ಬೆಲೆಯೊಂದನ್ನೇ ನೋಡಿದವರಿಗೆ ಎರಡು ಸಲವೂ ಅರ್ಧ ಸುದ್ದಿ ಮಾತ್ರ ತಿಳಿಯಿತು.

ತೂಕದ ಯಂತ್ರದ ಬಗ್ಗೆ ಎರಡು ಮಾತು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಾನೂನುಮಾಪನ ಇಲಾಖೆಯವರು 12 ತಿಂಗಳಿಗೊಮ್ಮೆ, ತೂಕದ ಕಲ್ಲುಗಳನ್ನು 24 ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ತೂಗುವ ಮುನ್ನ ಅಂಕಿ ಸೊನ್ನೆಯಲ್ಲಿದೆಯೇ ಎಂದು ನೋಡುವುದು ಅವಮಾನವಲ್ಲ. "ಅಣ್ಣಾ, ಒಂದ್ಸಲ ಸೊನ್ನೆ ಮಾಡ್ರಿ" ಎಂದರೆ ಸರಿಯಾದ ಅಂಗಡಿಯವರು ಬೇಸರಪಡುವುದಿಲ್ಲ. ಭಾರತದಲ್ಲಿ ಮೆಟ್ರಿಕ್ ತೂಕ 1958ರಿಂದ ಹಂತಹಂತವಾಗಿ ಬಂದರೂ ಸಂತೆಯಲ್ಲಿ ಸೇರು, ಪಾವು ಇನ್ನೂ ಬಾಯಲ್ಲಿವೆ. ಸೇರಿನಲ್ಲಿ ಅಳೆದು ಕೊಟ್ಟ ಶೇಂಗಾವನ್ನು ಕಿಲೋ ದರದೊಂದಿಗೆ ಹೋಲಿಸಲು ಹೋದರೆ ದಾರಿ ತಪ್ಪುತ್ತೀರಿ.

ಮೊದಲೇ ಕಟ್ಟಿದ ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಗರಿಷ್ಠ ಬೆಲೆ, ದೂರು ಹೇಳಲು ಸಂಪರ್ಕ ಇವೆಲ್ಲ ಇರಬೇಕು. ಆಹಾರ ಪದಾರ್ಥವಾದರೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆಯೂ ಬೇಕು. ಇವಿಲ್ಲದ ಮೆಣಸಿನಪುಡಿ, ಅರಿಶಿನಪುಡಿಯ ಪೊಟ್ಟಣಗಳನ್ನು ಕೊಳ್ಳಬೇಡಿ. ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಫೋನು ಮಾಡುವ ಮೊದಲು ಕೈಯಲ್ಲಿ ರಸೀದಿ ಇರಬೇಕು. ಕೇಳಿ ಪಡೆಯದಿದ್ದರೆ ಅದು ಸಿಗುವುದಿಲ್ಲ.

ಊರಿನಿಂದ ತರಬೇಕಾದದ್ದು

ಎಲ್ಲವನ್ನೂ ಬಳ್ಳಾರಿಯಲ್ಲೇ ಕೊಳ್ಳಬೇಕೆಂದಿಲ್ಲ. ಕುರುಗೋಡು ಬಳ್ಳಾರಿಗೆ 30 ಕಿಲೋಮೀಟರಿಗಿಂತ ಕಡಿಮೆ ದೂರ. ಆ ಸೀಮೆಯಲ್ಲಿ ಬ್ಯಾಡಗಿ ತಳಿಯ ಮೆಣಸಿನಕಾಯಿ ಬೆಳೆಯುತ್ತಾರೆ. ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಮನೆಯಲ್ಲಿ ಒಣಗಿಸಿದ ಕಾಯಿಯನ್ನು ತಂದು ಇಲ್ಲಿಯ ಗಿರಣಿಯಲ್ಲಿ ಕಣ್ಣೆದುರೇ ಪುಡಿ ಮಾಡಿಸಿದರೆ ಅಂಗಡಿಯ ಪುಡಿಯ ಚಿಂತೆಯೇ ಇಲ್ಲ. ಜೋಳದ ಹಿಟ್ಟಿಗೂ ಇದೇ ದಾರಿ. ಆದರೆ ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಹರಿಯುತ್ತದೆ, ಆದ್ದರಿಂದ ವಾರಕ್ಕೆ ಸಾಲುವಷ್ಟೇ ಬೀಸಿಸಿ. ರೊಟ್ಟಿ ಬಡಿಯಲು ಬಾರದವರು ಈ ಸಾಲನ್ನು ಬಿಟ್ಟು ಓದಿ.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ಇಲ್ಲದ್ದರಿಂದ, ವಾರಕ್ಕೊಮ್ಮೆ ಊರಿಗೆ ಹೋಗಿ ಬರುವ ವಿದ್ಯಾರ್ಥಿನಿಯರಿಗೆ ಮನೆಯ ಅಕ್ಕಿಯೇ ಎಲ್ಲಕ್ಕಿಂತ ಅಗ್ಗ. ಹುಡುಗರು ಮಾತ್ರ ಟಿಕೆಟ್ಟಿನ ಹಣವನ್ನು ಅಕ್ಕಿಯ ಬೆಲೆಗೆ ಸೇರಿಸಿ ನೋಡಬೇಕು. ಹತ್ತು ಕಿಲೋಗೋಸ್ಕರ ಸಿರುಗುಪ್ಪಕ್ಕೆ ಹೋಗಿ ಬಂದರೆ ನಷ್ಟ. ಹೇಗೂ ಹಬ್ಬಕ್ಕೆ ಹೋಗುವವರು ಬರಿಗೈಯಲ್ಲಿ ಬಂದರೂ ನಷ್ಟ.

ತರಕಾರಿಯನ್ನು ಮಾತ್ರ ಕೂಡಿಡಬೇಡಿ. ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಇಲ್ಲಿಯವರೇ ನಗೆಯಾಡುತ್ತಾರೆ. ಫ್ರಿಜ್ಜು ಇಲ್ಲದ ಕೋಣೆಯಲ್ಲಿ ಸೊಪ್ಪು ಮಧ್ಯಾಹ್ನಕ್ಕೇ ಬಾಡುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ತಳ್ಳುಗಾಡಿಯವರು ಮನೆಗೆ ಹೊರಡುವ ಆತುರದಲ್ಲಿ ಬೆಲೆ ಇಳಿಸುತ್ತಾರೆ. ಅದೇ ರಾತ್ರಿ ಬೇಯಿಸುವುದಾದರೆ ಅದು ಒಳ್ಳೆಯ ವ್ಯಾಪಾರ. ಐದು ರೂಪಾಯಿಗೆ ಅವರೊಂದಿಗೆ ಜಗ್ಗಾಡುವವರನ್ನು, ಮೊಬೈಲಿನಲ್ಲಿ ತರಿಸಿದಾಗ ಮನೆಗೆ ತಲುಪಿಸುವ ಶುಲ್ಕವನ್ನು ಮರುಮಾತಿಲ್ಲದೆ ಕೊಡುವವರನ್ನು ನಾನು ಬಹಳ ನೋಡಿದ್ದೇನೆ.

ಹೊಸದಾಗಿ ಬಂದವರು ಮೊದಲ ತಿಂಗಳು ಚೀಲಗಟ್ಟಲೆ ಏನನ್ನೂ ಕೊಳ್ಳದೆ ಇರುವುದು ಒಳ್ಳೆಯದು. ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಶೇಂಗಾ ಈ ಐದನ್ನು ಆರಿಸಿಕೊಂಡು, ಓಣಿಯ ಅಂಗಡಿ, ಹಳೆಯ ಪೇಟೆಯ ಅಂಗಡಿ, ಸೂಪರ್ ಮಾರ್ಕೆಟ್ಟು ಮೂರರಲ್ಲೂ ಒಂದೇ ದಿನ ದರ ಕೇಳಿ, ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಕಿಲೋ ಲೆಕ್ಕದಲ್ಲಿ ಬರೆಯಿರಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಬರೆಯಿರಿ. ಅಕ್ಕಿಗೆ ಒಂದು ಅಂಗಡಿ, ಸಾಬೂನಿಗೆ ಇನ್ನೊಂದು ಎಂದು ಆ ಹಾಳೆಯೇ ಹೇಳುತ್ತದೆ. ಕೋಣೆಯವರಲ್ಲಿ ಯಾರ ಅಕ್ಷರ ಚೆನ್ನಾಗಿದೆಯೋ ಅವರಿಗೆ ಈ ಕೆಲಸ ವಹಿಸಿ. ಚೀಲ ಹೊರುವ ಸರದಿಯಿಂದ ಅವರಿಗೆ ವಿನಾಯಿತಿ ಕೊಡಿ.